ಅಸಾಧಾರಣ ಮನುಷ್ಯನ ಅರ್ಜಿ

ಪ್ರಬಂಧ ಅಚ್ಚಾದಾಗ ಅದರ ಮೇಲೆ ಪೆಂಗ್ ಯುಲಾನ್ ಹೆಸರಿರಲಿಲ್ಲ. ಎರಡು ವರ್ಷ ಕೂತು ಆ ಕೆಲಸ ಮಾಡಿದವಳು ಅವಳು. ಹೆಸರಿದ್ದದ್ದು ಅವಳ ಮೇಲಧಿಕಾರಿ ಡೆಂಗ್ ಕೈವೆನ್‌ನದು, ಅವನೊಬ್ಬನದೇ.

ಪ್ರಬಂಧದಲ್ಲಿದ್ದದ್ದು, ವಿದ್ಯುತ್ ಬಸ್ಸಿನ ಬ್ಯಾಟರಿ ಹೊತ್ತಿಕೊಳ್ಳುವ ಮೊದಲೇ ಚಾಲಕನನ್ನು ಎಚ್ಚರಿಸುವ ತಂತ್ರಾಂಶ. ಹನ್ನೊಂದು ನಗರಗಳ ಬಸ್ಸುಗಳಲ್ಲಿ ಓಡುತ್ತಿತ್ತು. ಅದನ್ನು ಕಂಕುಳಲ್ಲಿಟ್ಟುಕೊಂಡು ಡೆಂಗ್ ಈಗ ಅಮೆರಿಕ ಸರ್ಕಾರದ ಬಾಗಿಲು ತಟ್ಟಲು ಹೊರಟಿದ್ದ: ನಾನು ಅಸಾಧಾರಣ ಪ್ರತಿಭೆಯವನು, ನನ್ನನ್ನು ಇಲ್ಲೇ ಕಾಯಂ ಆಗಿ ಇರಗೊಡಿ. ಈ ಬಗೆಯ ಅರ್ಜಿಗೆ ಕಂಪನಿಯ ಹಂಗಿಲ್ಲ. ತನಗೆ ತಾನೇ ಹಾಕಿಕೊಳ್ಳಬಹುದು. ತನ್ನನ್ನು ತಾನೇ ಹೊಗಳಿಕೊಳ್ಳಲೂಬಹುದು. ಹೊಗಳಿಕೆಯ ಕೆಳಗಿನ ಸಹಿ ಮಾತ್ರ ಬೇರೆಯವರದಾಗಿರಬೇಕು.

ಅವನಿದ್ದ ಸನಿವೇಲ್ ಊರಿನ ಇಂಥ ಡೆಂಗ್‌ಗಳೆಲ್ಲ ಇದಕ್ಕೊಂದು ಏರ್ಪಾಡು ಮಾಡಿಕೊಂಡಿದ್ದರು. ನನ್ನ ಹೊಗಳಿಕೆ ನಾನೇ ಬರೆದು ಕಳಿಸುತ್ತೇನೆ, ನೀನು ಸಹಿ ಹಾಕು. ನಿನ್ನದು ನೀನು ಬರೆದು ಕಳಿಸು, ನಾನು ಹಾಕುತ್ತೇನೆ. ಭಾನುವಾರ ಕುದಿಯುವ ಸಾರಿನ ಪಾತ್ರೆಯ ಸುತ್ತ ಕೂತು, ಅಣಬೆ, ಕುರಿಮಾಂಸದ ಚೂರುಗಳ ಜೊತೆ ಮೆಚ್ಚುಗೆಯನ್ನೂ ಹಂಚಿಕೊಳ್ಳುತ್ತಿದ್ದರು. ಆ ಮೇಜಿನಲ್ಲಿ ಅಸಾಧಾರಣನಲ್ಲದವನು ಯಾರಾದರೂ ಇದ್ದರೆ ಅದು ಪಾತ್ರೆಗೆ ಸಾರು ಸುರಿಯಲು ಬಂದವನು ಮಾತ್ರ.

ಡೆಂಗ್‌ಗೆ ತನ್ನದನ್ನು ಬರೆದುಕೊಳ್ಳುವ ಶ್ರಮವೂ ಇರಲಿಲ್ಲ. ಯುಲಾನ್ ಇದ್ದಳು.

"ಪುಟ್ಟ ಪೆಂಗ್, ಹೊಗಳಿಕೆ ಕಾಗದಗಳು ಐದು ಜನ ಬರೆದ ಹಾಗಿರ್ಬೇಕು," ಎಂದಿದ್ದ ಜನವರಿಯಲ್ಲಿ, ಸೂರ್ಯಕಾಂತಿ ಬೀಜ ಕಡಿಯುತ್ತ. "ಪ್ರೊಫೆಸರ್ ಸ್ವಲ್ಪ ಕೊರೀಲಿ. ಬಸ್ ಕಂಪನಿಯೋನು ಚುಟುಕಾಗಿ ಹೇಳ್ಲಿ. ಎಲ್ಲರೂ ಒಂದೇ ಬಾಯಲ್ಲಿ ಹೊಗಳಿದ್ರೆ ಸಿಕ್ಕಿಬೀಳ್ತೀವಿ."

"ನನ್ನ ವೀಸಾ ಏಪ್ರಿಲ್‌ಗೆ ಮುಗಿಯುತ್ತೆ ಸರ್. ಕಂಪನಿಯಿಂದ ನನಗೂ ಅರ್ಜಿ ಹಾಕಿಸ್ತೀನಿ ಅಂದಿದ್ರಿ."

"ಅಂದಿದ್ದೆ. ಮೊದಲು ಅಣ್ಣಂದು ಆಗ್ಲಿ, ಆಮೇಲೆ ತಂಗೀದು." ಸಿಪ್ಪೆ ಉಗಿದ. "ಆಗ್ಲಿಲ್ಲ ಅನ್ನು, ವಾಪಸ್ ನಿಮ್ಮೂರು ಚೆಂಗ್ಡುಗೆ ಹೋಗು. ಊಟ ಅಲ್ಲೇ ಚೆನ್ನಾಗಿರುತ್ತೆ."

ಯುಲಾನ್ ಐದು ದನಿಗಳಲ್ಲಿ ಐದು ಕಾಗದ ಬರೆದುಕೊಟ್ಟಳು. ಅವು ಸಹಿಗೆ ಹೋದವು. ಪ್ರತಿಯಾಗಿ ಡೆಂಗ್ ಬೇರೆಯವರಿಗೆ ಸಹಿ ಹಾಕಿಕೊಡಬೇಕಾದ ಕಾಗದಗಳ ಕಟ್ಟು ಅವನ ಮೇಜಿಗೆ ಬಂತು. ತಂದಿಟ್ಟವಳೂ ಅವಳೇ. ಅವನು ಹಾಳೆಯ ಮೂಲೆ ಎತ್ತಿ ಎತ್ತಿ ಸಹಿ ಹಾಕುತ್ತ ಹೋದ. ದೊಡ್ಡ ಸಹಿ, ಗಾಳಿಪಟದ ಬಾಲದ ಹಾಗೆ ಹಾಳೆಯ ಅಂಚಿನವರೆಗೂ ಹರಿಯುತ್ತಿತ್ತು.

"ಕೊನೇದೊಂದನ್ನ ಓದಿ ಹಾಕಿ ಸರ್," ಎಂದಳು ಯುಲಾನ್.

"ಓದೋದಾ?" ಡೆಂಗ್ ನಕ್ಕ. "ನಲವತ್ತು ಜನಕ್ಕೆ ಹಾಕಿದೀನಿ, ಒಂದನ್ನೂ ಓದಿಲ್ಲ. ಓದಿದ್ರೆ ನಾಚಿಕೆ ಆಗುತ್ತೆ ಕಣೇ, ಕೈ ಮುಂದಕ್ಕೆ ಹೋಗಲ್ಲ."

ಕೈ ಮುಂದಕ್ಕೆ ಹೋಯಿತು. ಬಾಲ ಹರಿಯಿತು.

ಏಪ್ರಿಲ್ ಕಳೆಯಿತು. ಯುಲಾನ್ ಚೆಂಗ್ಡುಗೆ ಹೋಗಲಿಲ್ಲ. ಅದು ಹೇಗೆಂದು ಕೇಳುವಷ್ಟು ಕುತೂಹಲ ಡೆಂಗ್‌ಗೆ ಇರಲಿಲ್ಲ. ಸಿಬ್ಬಂದಿ ವಿಭಾಗದವರು ಏನೋ ಮಾಡಿರಬೇಕು. ಕೆಲಸ ನಡೆಯುತ್ತಿತ್ತು, ಅಷ್ಟು ಸಾಕಾಗಿತ್ತು.

ಜೂನ್‌ನಲ್ಲಿ ವಕೀಲೆಯ ಫೋನ್ ಬಂತು. "ನಿಮ್ಮ ಅರ್ಜಿ ತಿರಸ್ಕರಿಸೋ ಯೋಚನೆಯಲ್ಲಿದ್ದಾರೆ. ಬೇರೊಂದು ಕಡತದಲ್ಲಿ ಒಬ್ಬ ತಜ್ಞರು ಈ ತಂತ್ರಾಂಶ ನಿಮ್ಮದಲ್ಲ ಅಂತ ಬರೆದುಕೊಟ್ಟಿದ್ದಾರಂತೆ. ನೋಟೀಸಿಗೆ ಆ ಕಾಗದದ ಪ್ರತಿ ಲಗತ್ತಿಸಿದ್ದಾರೆ. ನೀವು ದಯವಿಟ್ಟು ಕೂತು ಅದನ್ನ..."

ಡೆಂಗ್ ಫೋನ್ ಇಟ್ಟೇಬಿಟ್ಟ. ನೋಟೀಸನ್ನು ಲಗತ್ತಿನ ಸಮೇತ ಅಚ್ಚು ಹಾಕಿ ಯುಲಾನ್‌ಳ ಮುಂದೆ ಎಸೆದ.

"ನೀನು ಓದಿ ನೋಡು, ನನಗೆ ಪುರುಸೊತ್ತಿಲ್ಲ. ಆ ಲಿಯಾವ್ ಪ್ರೊಫೆಸರೇ ಇರ್ಬೇಕು. ಸಹಿ ಹಾಕೋಕೆ ಮೂರು ವಾರ ಸತಾಯಿಸಿದ್ದ, ಹೊಟ್ಟೆಕಿಚ್ಚಿನ ಮುದುಕ. ಉತ್ತರ ಬರ್ಕೋ. ಈ ತಜ್ಞನಿಗೆ ಬ್ಯಾಟರಿಯ ಗಂಧಗಾಳಿ ಇಲ್ಲ."

ಯುಲಾನ್ ಲಗತ್ತನ್ನು ಒಮ್ಮೆ ತಿರುವಿ ನೋಡಿದಳು. ಪೆನ್ನು ತೆಗೆದಳು. "ಗಂಧಗಾಳಿ ಇಲ್ಲ. ಆಮೇಲೆ?"

"ಇನ್ನೊಬ್ಬರ ದುಡಿಮೆಯಲ್ಲಿ ಹೆಸರು ಮಾಡಿದೋನು."

"ಬರ್ದೆ."

"ಮುಂದಿಟ್ಟಿದ್ದಕ್ಕೆಲ್ಲ ಓದದೆ ಸಹಿ ಒತ್ತೋ ಮನುಷ್ಯ. ಇವನ ಮಾತಿಗೆ ಮೂರು ಕಾಸಿನ ಕಿಮ್ಮತ್ತಿಲ್ಲ. ಬರೆದ್ಯಾ?"

"ಬರ್ದೆ ಸರ್. ಇಷ್ಟು ನಿಜ ನೀವು ಯಾವತ್ತೂ ಹೇಳಿರ್ಲಿಲ್ಲ."

ಡೆಂಗ್‌ಗೆ ಹೊಗಳಿಕೆ ಕೇಳಿ ಕೇಳಿ ಅಭ್ಯಾಸವಾಗಿತ್ತು. ಇದನ್ನೂ ಅದೇ ಲೆಕ್ಕಕ್ಕೆ ಹಾಕಿಕೊಂಡ. ಬೀಜದ ಪೊಟ್ಟಣ ಬಿಚ್ಚಿದ.

"ಕೊನೇಲಿ ಒಂದು ಸಾಲು ಸೇರ್ಸು. ಈ ಕೆಲಸದಲ್ಲಿ ನನ್ನ ಪಾಲೇನೂ ಇಲ್ಲ, ಎಲ್ಲ ಡೆಂಗ್ ಅವರದು ಅಂತ. ಕೆಳಗೆ ನಿನ್ನ ಹೆಸರು ಬರೆದು ಸಹಿ ಮಾಡು. ಓದ್ಕೊಂಡು ಕೂರ್ಬೇಡ."

ಯುಲಾನ್ ಪೆನ್ನಿನ ಮುಚ್ಚಳ ಹಾಕಿದಳು.

"ಮಾಡಲ್ಲ."

"ಏನಂದೆ?"

"ಮಾಡಲ್ಲ ಸರ್. ನನಗೂ ನಾನೇ ಅರ್ಜಿ ಹಾಕ್ಕೊಂಡಿದ್ದೆ, ಮಾರ್ಚಲ್ಲೇ ಮಂಜೂರಾಯ್ತು. ಈ ತಜ್ಞರ ಕಾಗದದಿಂದಲೇ," ಎಂದು ಲಗತ್ತಿನ ಕೊನೆಯ ಹಾಳೆಯನ್ನು ಅವನತ್ತ ತಿರುಗಿಸಿ ಇಟ್ಟಳು.

'ಇದು ಪೂರ್ತಿ ಪೆಂಗ್ ಯುಲಾನ್ ಅವರ ಕೆಲಸ. ಪ್ರಬಂಧದಿಂದ ಅವರ ಹೆಸರು ತೆಗೆದವನು ನಾನು' ಎಂಬ ಸಾಲಿನ ಕೆಳಗೆ, ಗಾಳಿಪಟದ ಬಾಲವೊಂದು ಹಾಳೆಯ ಅಂಚಿನವರೆಗೂ ಹರಿದಿತ್ತು.