ಬರಿ ಡಬ್ಬಿ

ಎದುರುಮನೆಯ ರುದ್ರಪ್ಪನವರು ದಿನಾ ಬೆಳಿಗ್ಗೆ ವಾಕಿಂಗ್ ಹೊರಟವರು ಮೊದಲು ಮಂದಾಕಿನಿಯ ಬಾಗಿಲು ತಟ್ಟಿ, ಒಂದು ಸ್ಟೀಲ್ ಡಬ್ಬಿ ಕಷಾಯ ಕೊಡುತ್ತಿದ್ದರು. ಮೆಂತ್ಯ, ಅಮೃತಬಳ್ಳಿ, ಬೇವಿನ ಚಿಗುರು ಕುದಿಸಿದ ಆ ಕಹಿ ಅವಳ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹಿರಿಯರ ಮನಸ್ಸು ನೋಯಿಸಬಾರದೆಂದು ಈಸಿಕೊಂಡು, ಹಿತ್ತಲಿನ ದಾಸವಾಳದ ಬುಡಕ್ಕೆ ಸುರಿದುಬಿಡುತ್ತಿದ್ದಳು. ಆದರೆ ಕೊಟ್ಟವರ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿ ಅವಳ ತವರಿನಲ್ಲೇ ಇರಲಿಲ್ಲ. ಆಗಲೇ ತೊಳೆದು ಒರೆಸಿ, ಒಂದು ದಿನ ರವೆಉಂಡೆ, ಇನ್ನೊಂದು ದಿನ ಕೊಬ್ಬರಿ ಮಿಠಾಯಿ ಹಾಕಿ, ಬಾಗಿಲಲ್ಲೇ ಕಾಯುತ್ತಿದ್ದ ಅವರ ಕೈಗೆ ಕೊಡುತ್ತಿದ್ದಳು.

“ನಿನ್ನೆ ಕಷಾಯ ಹೆಂಗಿತ್ತಮ್ಮಾ?”

“ಅಯ್ಯೋ, ಮಂಡಿನೋವೇ ಹೋಯ್ತು ನೋಡಿ!”

“ಹಂಗಾದ್ರೆ ಬಿಡಬ್ಯಾಡ. ನಾಳೆನೂ ತರ್ತೀನಿ,” ಎಂದು ಅವರು ಡಬ್ಬಿ ಹಿಡಿದು ಪಾರ್ಕಿನತ್ತ ಹುರುಪಿನಿಂದ ನಡೆಯುತ್ತಿದ್ದರು. ಇಂಥ ದೊಡ್ಡ ಮನಸ್ಸಿನವರಿಗೆ ಸುಳ್ಳು ಹೇಳುತ್ತಿದ್ದೇನಲ್ಲಾ ಎಂದು ಮಂದಾಕಿನಿಗೆ ಒಳಗೊಳಗೇ ಅಳುಕು.

ಒಂದು ಮಧ್ಯಾಹ್ನ ರುದ್ರಪ್ಪನವರ ಸೊಸೆ ಸಪ್ಪೆ ಮುಖ ಮಾಡಿಕೊಂಡು ಬಂದಳು.

“ಏನ್ ಮಾಡೋದೋ ಗೊತ್ತಾಗ್ತಿಲ್ಲ ಅಕ್ಕಾ. ಮನೇಲಿ ನಮ್ ಮಾವನ ಕಣ್ಣಿಗೂ ಸಿಹಿ ಬೀಳದಂಗೆ ನೋಡ್ಕೊಂಡಿದೀನಿ. ಪಾರ್ಕಲ್ಲಿ ಕೂತು ಕುಡೀರಿ ಅಂತ ದಿನಾ ಡಬ್ಬಿ ತುಂಬ ಕಷಾಯ ಕೊಟ್ಟು ಕಳಿಸ್ತೀನಿ, ಡಬ್ಬೀನೂ ಖಾಲಿಯಾಗೇ ಬರುತ್ತೆ. ಆದ್ರೂ ಅವರ ಶುಗರ್ ಯಾಕೆ ಏರ್ತಾನೇ ಇದೆ?”