ರಾಹುಕಾಲಕ್ಕೆ ಮುಂಚೆ ಒಂದು ಟ್ರಯಲ್

“ಎಡಕ್ಕೆ ತಿರುಗಿಸಿದರೆ ಹಾರನ್ ತಾನಾಗಿ ಕೂಗುತ್ತೆ ಸ್ವಾಮಿ,” ಎಂದರು ಮೈಕಲಪ್ಪ.

“ಬಲಕ್ಕೆ ತಿರುಗಿಸಿದರೆ?” ಸಿದ್ದರಾಜು ಕೇಳಿದ.

“ಬಲಕ್ಕೆ ತಿರುಗೋದೇ ಕಷ್ಟ.”

ಅಶೋಕಪುರಂನಲ್ಲಿ ಮೈಕಲಪ್ಪನವರ ರಿಪೇರಿ ಷೆಡ್ಡಿನ ಮುಂದೆ ನಿಂತಿದ್ದ ಬೇಬಿ ಕಾರಿನ ಸುತ್ತ ಸಿದ್ದರಾಜು ಇನ್ನೊಂದು ಸುತ್ತು ಬಂದ. ಟೈರು ಒದ್ದ. ಬಾನೆಟ್ ಎತ್ತಿ, ಎಲ್ಲ ತಿಳಿದವನ ಹಾಗೆ ತಲೆಯಾಡಿಸಿದ. ಬ್ರೇಕು ಮೂರು ಸಲ ತುಳಿದರೆ ಒಂದು ಸಲ ಹಿಡಿಯುತ್ತದಂತೆ. ಎಡಗಡೆಯ ಬಾಗಿಲನ್ನು ಹಗ್ಗದಿಂದ ಕಟ್ಟಬೇಕಂತೆ. ಬ್ಯಾಟರಿ ಸತ್ತು ತಿಂಗಳಾಯಿತಂತೆ. ಇದಾವುದಕ್ಕೂ ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಬೇಜಾರು ಕೊಳ್ಳುವವನಿಗೆ ತಾನೆ?

ಅವನು ಕೊಳ್ಳುವವನಲ್ಲ. ಗುಮಾಸ್ತನ ಸಂಬಳಕ್ಕೆ ಎಟುಕುವ ವಾಹನ ಸೈಕಲ್ಲು, ಅದು ಅವನಲ್ಲಿತ್ತು. ಬೇಕಾಗಿದ್ದದ್ದು ಶುಕ್ರವಾರ ಬೆಳಿಗ್ಗೆಗೆ ಒಂದೇ ಒಂದು ಟ್ರಯಲ್. ಮಾರಾಟಕ್ಕಿದ್ದ ಬೇರೆ ಕಾರುಗಳ ಇಬ್ಬರು ಮಾಲೀಕರು ಆಗಲೇ ಅವನ ಮುಖ ನೋಡಿಯೇ ಸಾಗಹಾಕಿದ್ದರು.

ಎಲ್ಲಕ್ಕೂ ಕಾರಣ ಹೆಂಡತಿ ಶಿವನಂಜಮ್ಮ. ಅವಳ ಒಬ್ಬಳೇ ತಂಗಿ ಪ್ರೇಮಲೀಲಾ ಸಿದ್ಧಾರ್ಥನಗರದಲ್ಲಿ ಮನೆ ಕಟ್ಟಿಸಿ, ಗಿಣಿ ಹಸಿರು ಬಣ್ಣ ಬಳಿಸಿ, ಗೃಹಪ್ರವೇಶಕ್ಕೆ ಕರೆದಿದ್ದಳು. ಅಕ್ಕ ಜಟಕಾದಿಂದ ಇಳಿಯುತ್ತಿದ್ದ ಹಾಗೇ ನೂರು ಜನರೆದುರು, “ಅಯ್ಯೋ ಅಕ್ಕ, ಇನ್ನೂ ಜಟಕಾನೇನಾ?” ಎಂದುಬಿಟ್ಟಳು. ಶಿವನಂಜಮ್ಮನಿಗೆ ಆ ಮಾತು ಇವತ್ತಿಗೂ ಅರಗಿರಲಿಲ್ಲ. ಈಗ ಮತ್ತೆ ಕಾಗದ ಬಂದಿತ್ತು: ಶುಕ್ರವಾರ ಬೆಳಿಗ್ಗೆ ಸಣ್ಣದೊಂದು ಪೂಜೆ, ತಪ್ಪದೆ ಬನ್ನಿ.

“ಕಾರಲ್ಲಿ ಹೋಗಿ ಅವಳ ಗೇಟಿನ ಮುಂದೆ ಇಳಿಸೋದಾದ್ರೆ ಬರ್ತೀನಿ. ಇಲ್ದಿದ್ರೆ ನಂಗೆ ತಂಗಿ ಇದ್ಳು ಅನ್ನೋದನ್ನೇ ಮರ್ತ್ಬುಡ್ತೀನಿ ಕಣ್ರೀ,” ಎಂದಿದ್ದಳು ಶಿವನಂಜಮ್ಮ. ಹೇಳಿದರೆ ಮಾಡುವ ಹೆಂಗಸು.

“ಟ್ರಯಲ್ ಎಲ್ಲೀವರೆಗೆ?” ಮೈಕಲಪ್ಪ ಕೇಳಿದರು.

“ಸಿದ್ಧಾರ್ಥನಗರಕ್ಕೆ. ಮನೆಯವಳಿಗೂ ಒಪ್ಪಿಗೆ ಆಗ್ಬೇಕಲ್ಲ.”

ಮೈಕಲಪ್ಪನವರ ಮುಖ ಅರಳಿತು. “ಶುಕ್ರವಾರವೇ ಬನ್ನಿ. ಇಬ್ಬರೂ ಗಟ್ಟಿಮುಟ್ಟಾಗಿದ್ದೀರಿ ತಾನೆ?”

“ಯಾಕೆ?”

“ಬೇಬಿ ಕಾರು ನೋಡಿ, ಅದಕ್ಕೇ ಕೇಳ್ದೆ. ಹತ್ತೂವರೆ ಒಳಗೆ ತಲುಪಿಬಿಡಬೇಕು. ಆಮೇಲೆ ರಾಹುಕಾಲ.”

“ಚರ್ಚಿಗೆ ಹೋಗೋರು ನೀವು. ನಿಮಗೂ ರಾಹುಕಾಲ ಇದೆಯಾ?”

“ನನಗಿಲ್ಲ ಸ್ವಾಮಿ. ಕಾರಿಗೆ ಇದೆ.”

ಸಿದ್ದರಾಜು ನಕ್ಕ. ಮೈಕಲಪ್ಪ ಬೆಲೆ ಹೇಳಲಿಲ್ಲ, ಮುಂಗಡ ಕೇಳಲಿಲ್ಲ. ಇಷ್ಟು ಸಾಧು ಮನುಷ್ಯ ವ್ಯಾಪಾರ ಹೇಗೆ ಮಾಡುತ್ತಾನೋ ಎಂದು ಅವನಿಗೆ ಕನಿಕರವೇ ಬಂತು.

ಶುಕ್ರವಾರ ಹೋಗಿ ನೋಡಿದರೆ ತುಕ್ಕು ಹಿಡಿದಿದ್ದ ಕಾರು ಗಿಣಿ ಹಸಿರಾಗಿ ನಿಂತಿದೆ. ಬಣ್ಣ ಇನ್ನೂ ಸರಿಯಾಗಿ ಒಣಗಿರಲಿಲ್ಲ.

“ಈ ಹಾಳು ಬಣ್ಣ ಇಲ್ಲಿಗೂ ಬಂತಾ?” ಶಿವನಂಜಮ್ಮ ಮೂಗು ಮುರಿದಳು.

ತನ್ನನ್ನು ಒಲಿಸಿಕೊಳ್ಳುವುದಕ್ಕೆ ಪಾಪ ಬಣ್ಣ ಬೇರೆ ಬಳಿದಿದ್ದಾರೆ ಎಂದುಕೊಂಡ ಸಿದ್ದರಾಜು. ಮೋಸ ಮಾಡುತ್ತಿದ್ದೇನಲ್ಲ ಎಂದು ಮನಸ್ಸು ಚುಚ್ಚಿತು. ಆ ಚುಚ್ಚು ಷೆಡ್ಡಿನಿಂದ ರಸ್ತೆಯವರೆಗೆ ಕಾರು ತಳ್ಳುವಷ್ಟರಲ್ಲಿ ವಾಸಿಯಾಯಿತು.

ಹಾರ್ಡಿಂಜ್ ಸರ್ಕಲ್ಲಿನಲ್ಲಿ ಕಾರು ಎಡಕ್ಕೆ ತಿರುಗಿ ಒಂದೇ ಸಮನೆ ಕೂಗಿಕೊಂಡಿತು. ಯಾರೋ ದೊಡ್ಡ ಮನುಷ್ಯರೆಂದು ಪೊಲೀಸಪ್ಪ ಉಳಿದ ಗಾಡಿಗಳನ್ನೆಲ್ಲ ತಡೆದು ಸಲಾಮು ಹೊಡೆದ. ಶಿವನಂಜಮ್ಮ ಹಿಗ್ಗಿಹೋದಳು. ಮೃಗಾಲಯದ ಗೇಟಿನೆದುರು ಕಾರು ನಿಂತಿತು. ಕೋತಿ ನೋಡಲು ಬಂದ ಜನ ಇತ್ತ ತಿರುಗಿದರು. ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಅವಳೂ ತಳ್ಳಿದಳು. ಕಾರಂಜಿ ಕೆರೆಯ ಹತ್ತಿರ ಮತ್ತೊಮ್ಮೆ ತಳ್ಳಿದಳು. ಮೈಕಲಪ್ಪ ಸ್ಟೀರಿಂಗ್ ಹಿಡಿದು ಕೂತೇ ಹುರಿದುಂಬಿಸಿದರು.

“ರೀ, ಟ್ರಯಲ್ ಅಂದ್ರೆ ಕಾರಿಗೋ ನಮಗೋ?”

“ಸುಮ್ನಿರು ಕಣೇ. ಗೇಟು ನೆನಸ್ಕೊಂಡು ತಳ್ಳು.”

ಪ್ರೇಮಲೀಲಾಳ ಬೀದಿಯ ತಿರುವಿನಲ್ಲಿ ಕಾರು ಕೆಮ್ಮಿ, ನಡುಗಿ, ಪೂರ್ತಿ ನಿಂತುಬಿಟ್ಟಿತು. ಮೈಕಲಪ್ಪ ಗಡಿಯಾರ ನೋಡಿಕೊಂಡರು. ಹತ್ತೂ ಇಪ್ಪತ್ತು.

“ಇನ್ನು ನಾಲ್ಕೇ ಮನೆ ಸ್ವಾಮಿ. ಕೈಬಿಡಬೇಡಿ!”

ಎಷ್ಟನೆಯ ಮನೆಯೆಂದು ತಾನು ಹೇಳಿದ್ದೆನೇ ಎಂದು ಯೋಚಿಸಲು ಸಿದ್ದರಾಜುವಿನಲ್ಲಿ ಉಸಿರು ಉಳಿದಿರಲಿಲ್ಲ.

ಶಿವನಂಜಮ್ಮ ಬೆವರು ಒರೆಸಿಕೊಂಡು, ಸೆರಗು ಸರಿಮಾಡಿಕೊಂಡು ಒಳಗೆ ಕೂತಳು. “ನಾನು ಇಳಿಯೋದು ಗೇಟಿನ ಮುಂದೇನೇ.” ಸಿದ್ದರಾಜು ಒಬ್ಬನೇ ತಳ್ಳಿದ. ಅವನ ಎರಡೂ ಅಂಗೈ ಹಸಿರಾದವು.

ಹಸಿರು ಮನೆಯ ಗೇಟಿನ ಮುಂದೆ ನೆಂಟರೆಲ್ಲ ಸಾಲಾಗಿ ನಿಂತಿದ್ದರು. ಪ್ರೇಮಲೀಲಾಳ ಗಂಡ ರುದ್ರಸ್ವಾಮಿ ಪಂಚೆ ಉಟ್ಟು, ತಟ್ಟೆಯಲ್ಲಿ ನಿಂಬೆಹಣ್ಣು ಹಿಡಿದಿದ್ದ. ಎಲ್ಲರ ಕಣ್ಣೂ ಕಾರಿನ ಮೇಲೆ. ಶಿವನಂಜಮ್ಮನ ಎದೆ ತುಂಬಿಬಂತು. ಗೃಹಪ್ರವೇಶದ ಅವಮಾನ ಇವತ್ತಿಗೆ ತೀರಿತು.

ಸಿದ್ದರಾಜು ಬಾಗಿಲ ಹಗ್ಗ ಬಿಚ್ಚುತ್ತ ಮೈಕಲಪ್ಪನವರ ಕಿವಿಯಲ್ಲಿ, “ಯೋಚನೆ ಮಾಡಿ ಹೇಳ್ತೀನಿ,” ಎಂದ.

“ನಿಧಾನವಾಗಿ ಮಾಡಿ ಸ್ವಾಮಿ. ನಿಮ್ಮಿಂದ ದೊಡ್ಡ ಉಪಕಾರ ಆಯ್ತು.”

ಶಿವನಂಜಮ್ಮ ಗತ್ತಿನಿಂದ ಇಳಿದು ತಲೆಯೆತ್ತಿ ನಿಂತಳು. ಪ್ರೇಮಲೀಲಾ ಆರತಿ ತಟ್ಟೆ ಹಿಡಿದು ಓಡಿಬಂದಳು. ತಟ್ಟೆ ಅಕ್ಕನನ್ನು ದಾಟಿ, ಕಾರಿನ ಮೂತಿಯ ಮುಂದೆ ಹೋಗಿ ಮೂರು ಸುತ್ತು ಸುತ್ತಿತು. ರುದ್ರಸ್ವಾಮಿ ಬಗ್ಗಿ ಒಂದೊಂದು ಚಕ್ರದ ಕೆಳಗೂ ಒಂದೊಂದು ನಿಂಬೆಹಣ್ಣು ಇಟ್ಟ. ಮೈಕಲಪ್ಪ ಅವನ ಕೈಗೆ ಕೀಲಿ ಕೊಟ್ಟು ಕೈಮುಗಿದರು.

“ಅಯ್ಯೋ ಅಕ್ಕ,” ಎಂದಳು ಪ್ರೇಮಲೀಲಾ ಆಗ ತಿರುಗಿ, ನೆಂಟರೆಲ್ಲರ ಎದುರು, “ಜಟಕಾ ಸಿಗ್ಲಿಲ್ಲ ಅಂತ ನಮ್ಮ ಹೊಸ ಕಾರನ್ನೇ ಹತ್ಕೊಂಡು ಬಂದ್ಬುಟ್ಯಾ?”