ತೆರವಾದ ಹುದ್ದೆ

“ಈ ಒಂದು ವಾದ ಸಾಕು, ನೀವು ಗೆದ್ದ ಹಾಗೇನೇ.” ವಿಚಾರಣಾ ಕೊಠಡಿಯ ಬಾಗಿಲಲ್ಲೇ ವಕೀಲರು ನೋಂದಣಾಧಿಕಾರಿಯ ತೋಳು ಹಿಡಿದರು. “ನಗರಸಭೆ ಸದಸ್ಯರಿಗೆ ಸಂಬಳ ಇಲ್ಲ. ಸಂಬಳ ಇಲ್ಲದ್ದು ಎರಡನೇ ಹುದ್ದೆ ಹೇಗಾಗುತ್ತೆ ಅಂತ ಕೇಳ್ತೀನಿ.”

“ಕೇಳಬೇಡಿ.”

“ಏನಂದ್ರಿ?”

“ಅದನ್ನ ಮಾತ್ರ ಕೇಳಬೇಡಿ.”

ವಕೀಲರು ತೋಳು ಬಿಟ್ಟರು.

ಊರಿನ ಹುಟ್ಟು, ಸಾವು, ಮದುವೆಗಳಿಗೆಲ್ಲ ಈ ಮನುಷ್ಯನದೇ ಮೊಹರು. ಕಳೆದ ವರ್ಷ ಅವರ ವಾರ್ಡಿನಿಂದ ಚುನಾವಣೆಗೆ ಯಾರೂ ಮುಂದೆ ಬರಲಿಲ್ಲ. ನೆರೆಹೊರೆಯವರ ಒತ್ತಾಯಕ್ಕೆ ಇವರು ನಿಂತರು, ಅವಿರೋಧವಾಗಿ ಆಯ್ಕೆಯಾದರು. ಹಗಲು ನೋಂದಣಿ ಕಚೇರಿ, ಸಂಜೆ ಸಭೆ. ಚಿಕ್ಕ ಊರು, ಯಾರಿಗೂ ತಪ್ಪೆನಿಸಲಿಲ್ಲ. ಈಗ, ಒಬ್ಬರೇ ಎರಡು ಹುದ್ದೆಯಲ್ಲಿರುವುದು ತಪ್ಪೆಂದು ದೂರು ಕೊಟ್ಟವನು ಸ್ವಂತ ಅಳಿಯ.

ಮಗಳು ತವರಿಗೆ ಬಂದು ತಿಂಗಳುಗಳಾಗಿದ್ದವು. ಬಂದಾಗ ಎಡಗೈ ಎತ್ತಲು ಆಗುತ್ತಿರಲಿಲ್ಲ. ಜಾರಿ ಬಿದ್ದೆ ಎಂದಳು. ಅಪ್ಪ ಮತ್ತೆ ಕೇಳಲಿಲ್ಲ. ವಿಚ್ಛೇದನಕ್ಕೆ ಅಳಿಯ ಒಪ್ಪಲಿಲ್ಲ. “ಸಾಯೋ ತನಕ ಅವಳು ನನ್ನ ಹೆಂಡತೀನೇ,” ಎಂದಿದ್ದ.

ಕೊಠಡಿಯೊಳಗೆ ಅವನು ಪಕ್ಕದಲ್ಲೇ ಬಂದು ಕೂತ.

“ಮಾವ, ಇನ್ನೂ ಟೈಮಿದೆ. ಅವಳನ್ನ ಕಳಿಸಿಕೊಡ್ತೀನಿ ಅನ್ನಿ, ಈಗಲೇ ದೂರು ವಾಪಸ್ ತಗೋತೀನಿ. ಪಿಂಚಣಿ ಕಳ್ಕೊಂಡು ಏನ್ ಮಾಡ್ತೀರಿ? ಬರೀ ಭಾಷಣ ಮಾಡಿದ್ರೆ ಹೊಟ್ಟೆ ತುಂಬುತ್ತಾ?”

ನೋಂದಣಾಧಿಕಾರಿ ಕನ್ನಡಕ ಒರೆಸಿಕೊಂಡರು.

ವಿಚಾರಣಾಧಿಕಾರಿ ಬಂದು ಕೂತು, ದೂರನ್ನು ಓದಿ ತಲೆ ಎತ್ತಿದರು. “ನಿಮ್ಮ ಕಡೆಯಿಂದ ಏನೂ ಹೇಳೋದಿಲ್ವಾ?”

“ದೂರು ನಿಜ, ಮೇಡಂ. ಎರಡೂ ಕಡೆ ಇದ್ದೆ.”

“ನೌಕರಿ ಹೋಗುತ್ತೆ, ಗೊತ್ತಲ್ವಾ?”

“ಗೊತ್ತು. ಯಾವತ್ತಿನಿಂದ ಹೋಯ್ತು ಅಂತ ಮಾತ್ರ ಆದೇಶದಲ್ಲಿ ಸ್ಪಷ್ಟವಾಗಿ ಬರೆಸಿ.”

ಅಳಿಯ ಕಿಸಕ್ಕನೆ ನಕ್ಕ. ವಕೀಲರು ನೆಲ ನೋಡಿದರು.

ವಿಚಾರಣಾಧಿಕಾರಿ ನಿಧಾನವಾಗಿ ಹೇಳಿ ಬರೆಸಿದರು. ಸದಸ್ಯರಾಗಿ ಪ್ರಮಾಣ ಸ್ವೀಕರಿಸಿದ ಕ್ಷಣವೇ ನೋಂದಣಾಧಿಕಾರಿಯ ಹುದ್ದೆ ತಾನಾಗಿ ತೆರವಾಗಿದೆ. ಅಲ್ಲಿಂದಾಚೆಗೆ ಅವರು ಒತ್ತಿದ ಯಾವ ಮೊಹರೂ ಊರ್ಜಿತವಲ್ಲ. ಬೇಕಾದವರು, ಸಂಬಂಧಪಟ್ಟವರೆಲ್ಲ ಒಪ್ಪಿ ರುಜು ಹಾಕಿದರೆ, ಹೊಸ ಅಧಿಕಾರಿಯ ಮುಂದೆ ಮತ್ತೆ ನೋಂದಣಿ ಮಾಡಿಸಿಕೊಳ್ಳಬಹುದು.

ನೋಂದಣಾಧಿಕಾರಿ ಕಣ್ಣು ಮುಚ್ಚಿದರು. ಮೂವತ್ತು ವರ್ಷದ ನೌಕರಿ ಒಂದು ಪುಟದಲ್ಲಿ ಮುಗಿದಿತ್ತು.

ಹೊರಗಿನ ಮೆಟ್ಟಿಲ ಮೇಲೆ ಅಳಿಯ ಅಡ್ಡ ನಿಂತ. “ಒಳ್ಳೆ ಮಾತಲ್ಲಿ ಹೇಳಿದೆ, ಕೇಳಲಿಲ್ಲ. ನಾಳೆ ಬರ್ತೀನಿ. ನನ್ನ ಹೆಂಡತೀನ ರೆಡಿ ಇರೋಕೆ ಹೇಳಿ, ಮಾವ.”

ಮಾವ ಅಂದು ಮೊದಲ ಸಲ ಅವನ ಮುಖ ನೋಡಿದರು.

“ಯಾವ ಹೆಂಡತಿ? ನಿಮ್ಮದು ರಿಜಿಸ್ಟರ್ ಮದುವೆ. ಮಾಡಿಸಿದ್ದು ನಾನು, ಪ್ರಮಾಣ ತಗೊಂಡ ಮಾರನೇ ದಿನ.”